ಕಳಿತ ಹಣ್ಣಿನ ಹಕ್ಕುದಾರರು

ಅಗ್ಗ ಎಂಬ ಮಾತು ಕಿವಿಗೆ ಬಿದ್ದರೆ ಅಜ್ಜಿಯ ಕಾಲು ಮುಂದಕ್ಕೆ ಹೋಗುತ್ತಿರಲಿಲ್ಲ. ಬಸ್ ಸ್ಟಾಪಿನ ಪಕ್ಕ ತಳ್ಳುಗಾಡಿ ಇಟ್ಟುಕೊಂಡ ಹಣ್ಣಿನವನಿಗೆ ಇದು ಚೆನ್ನಾಗಿ ಗೊತ್ತು. ಸಂಜೆ ಗಾಡಿಗೆ ಟಾರ್ಪಾಲು ಹೊದಿಸುವ ಮುಂಚೆ ಅಜ್ಜಿಯ ದಾರಿ ಕಾಯುತ್ತಿದ್ದು, "ನಿಮಗೆ ಅಂತ ಅರ್ಧ ರೇಟು" ಎಂದು ಮಚ್ಚೆ ಬಿದ್ದ ಬಾಳೆಹಣ್ಣಿನ ಎರಡು ಚಿಪ್ಪನ್ನು ಅವಳ ಚೀಲಕ್ಕೆ ಇಳಿಸಿಬಿಡುತ್ತಿದ್ದ. ಮನೆಯಲ್ಲಿದ್ದವರು ನಾಲ್ಕೇ ಜನ. ಅಷ್ಟು ಹಣ್ಣು ತಿಂದು ಮುಗಿಸಲು ಅವರೇನು ಕೋತಿಗಳೇ? ಎರಡು ದಿನ ಕಳೆಯುವಷ್ಟರಲ್ಲಿ ಹಣ್ಣು ಕಪ್ಪಾಗಿ, ಅಡುಗೆಮನೆಯ ತುಂಬ ಅದರ ವಾಸನೆ ಅಡರಿ, ನುಸಿಗಳು ಅಲ್ಲೇ ಸಂಸಾರ ಹೂಡುತ್ತಿದ್ದವು.

"ಅತ್ತೆ, ಸ್ವಲ್ಪ ದಿನ ತರಬೇಡಿ. ಎಸೆದು ಎಸೆದು ಸಾಕಾಯ್ತು" ಎಂದು ಸೊಸೆ ಹೇಳಿದರೆ, "ನಿನ್ನನ್ನ ಯಾರು ಎಸೆಯೋಕೆ ಹೇಳಿದ್ರು? ತಿನ್ನೋಕೆ ಬಾಯಿಲ್ವಾ?" ಎಂದು ಅಜ್ಜಿ ಮಾತು ಮುಗಿಸುತ್ತಿದ್ದಳು.

ಸೊಸೆಗೆ ಬಟ್ಟೆ ರಿಪೇರಿ ಅಂಗಡಿಯಲ್ಲಿ ಕೆಲಸ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ಸವೆದ ಕಾಲರ್ ಬಿಚ್ಚಿ ತಿರುಗಿಸಿ ಹಾಕುವುದು. ಬೀದಿಗೆಲ್ಲ ಅವಳು ಟೈಲರಮ್ಮ. ಅಂಗಡಿಗೆ ಬರುತ್ತಿದ್ದ ಒಬ್ಬ ನರ್ಸು, ಕಳಿತ ಬಾಳೆಹಣ್ಣನ್ನು ಎಸೆಯುವ ಬದಲು ಪ್ಯಾನ್‌ಕೇಕು ಮಾಡಬಹುದಲ್ಲ ಎಂದು ಹೇಳಿಕೊಟ್ಟಳು. ಒಂದು ಭಾನುವಾರ ಬೆಳಿಗ್ಗೆ ಟೈಲರಮ್ಮ ಸಿಪ್ಪೆ ಪೂರ್ತಿ ಕಪ್ಪಾದ ಹಣ್ಣುಗಳನ್ನೇ ಆರಿಸಿ, ಕೈಯಲ್ಲೇ ಕಿವುಚಿ, ಮೊಟ್ಟೆ ಒಡೆದು ಹಾಕಿ, ಹಾಲು ಮೈದಾ ಸೇರಿಸಿ ಕಲಸಿ, ಸ್ವಲ್ಪ ಹೊತ್ತು ಮುಚ್ಚಿಟ್ಟಳು. ಸಕ್ಕರೆ ಹಾಕಲಿಲ್ಲ, ಅಷ್ಟು ಕಳಿತ ಹಣ್ಣಿಗೆ ಸಕ್ಕರೆ ಯಾಕೆ? ಸಣ್ಣ ಉರಿಯಲ್ಲಿ ಕಾವಲಿಯ ಮೇಲೆ ಅಂಗೈಯಗಲ ಹುಯ್ದು, ಮೇಲೆದ್ದ ಗುಳ್ಳೆಗಳು ಒಡೆದು ತೂತು ತೂತಾಗಿ ಹಾಗೇ ನಿಲ್ಲುವ ತನಕ ಕೈಕಟ್ಟಿ ಕಾದಳು. ಆಮೇಲೆ ಮಗುಚಿದಳು.

ಮೊದಲನೆಯದು ಮಗಳ ತಟ್ಟೆಗೆ ಬಿತ್ತು. ಮಗಳಿಗೆ ಹದಿನಾಲ್ಕು ವರ್ಷ. ಕೂಸಾಗಿದ್ದಾಗ ಅಮ್ಮನ ಹೊಲಿಗೆ ಡಬ್ಬಿಯಿಂದ ಒಂದು ಗುಂಡಿ ನುಂಗಿ ಎಲ್ಲರನ್ನೂ ಆಸ್ಪತ್ರೆಗೆ ಓಡಿಸಿದ್ದಳು. ಅಂದಿನಿಂದ ಅವಳ ಹೆಸರೇ ಗುಂಡಿ. ತಿನ್ನುವುದರಲ್ಲಿ ಅವಳಷ್ಟು ತಕರಾರಿನವಳು ಆ ಬೀದಿಯಲ್ಲೇ ಇಲ್ಲ.

"ಅಮ್ಮಾ, ನಿಜವಾಗ್ಲೂ ನೀನೇ ಮಾಡಿದ್ದಾ?"

"ಇಲ್ಲ, ಪಕ್ಕದ್ಮನೆ ಬೆಕ್ಕು ಬಂದು ಮಾಡಿಟ್ಟು ಹೋಯ್ತು. ತಿನ್ನು ಸುಮ್ನೆ."

"ಇನ್ನೂ ನಾಲ್ಕು ಹಾಕು. ಇಂಥದ್ದು ನಮ್ಮನೇಲಿ ಯಾವತ್ತೂ ತಿಂದಿಲ್ಲ ಕಣಮ್ಮ."

ಈ ಮಾತು ಬಚ್ಚಲಿನಿಂದ ಮುಖ ಒರೆಸಿಕೊಂಡು ಬರುತ್ತಿದ್ದ ಗುಂಡಿಯ ಅಪ್ಪನ ಕಿವಿಗೂ ಬಿತ್ತು. ಅಲ್ಲಿಂದ ಶುರುವಾಯಿತು ನೋಡಿ.

ಗುಂಡಿಯ ಅಪ್ಪ ಪಂಪು ತಯಾರಿಸುವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವನು. ಅಲ್ಲಿ ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು, ಮನೆಯಲ್ಲಿಯೂ ಅದೇ ಉಳಿದುಕೊಂಡಿತ್ತು; ಹೆತ್ತ ತಾಯಿಯೇ "ಮೇಸ್ತ್ರಿ ಬಂದ್ನಾ?" ಎಂದು ಕೇಳುತ್ತಿದ್ದಳು. ದಿನಾ ಮುನ್ನೂರು ಜನರಿಗೆ ಬೇಯಿಸಿ ಹಾಕುವ ಮನುಷ್ಯ ಮನೆಗೆ ಬಂದು ಒಲೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ತನಗೊಂದು ಬಟ್ಟಲು ಗಂಜಿ ಸಾಕು ಅನ್ನುತ್ತಿದ್ದ. ಕ್ಯಾಂಟೀನಿನ ಊಟವನ್ನು ಗೇಟಿನಾಚೆ ತರುವಂತಿಲ್ಲ ಎಂಬುದು ಕಾರ್ಖಾನೆಯ ಕಟ್ಟುನಿಟ್ಟು. ಹಾಗಾಗಿ ಮದುವೆಯಾಗಿ ಹದಿನಾರು ವರ್ಷವಾದರೂ ಗಂಡನ ಕೈರುಚಿ ಹೇಗಿರುತ್ತದೆ ಎಂದು ಟೈಲರಮ್ಮನಿಗೆ ಗೊತ್ತಿರಲಿಲ್ಲ. ಗುಂಡಿಗೂ ಗೊತ್ತಿರಲಿಲ್ಲ. ಅವರ ಪಾಲಿಗೆ ಅವನು ಸಂಜೆ ಈರುಳ್ಳಿ ಕಮಟು ಹೊತ್ತು ಬರುವ ಒಬ್ಬ ಮನುಷ್ಯ, ಅಷ್ಟೇ. ಮನೆಗೆ ಮಾರಿ ಊರಿಗೆ ಉಪಕಾರಿ ಎಂದು ಟೈಲರಮ್ಮ ಎಷ್ಟೋ ಸಲ ಬಾಯಿಬಿಟ್ಟೇ ಹೇಳಿದ್ದಳು.

"ರೀ, ನೀವೂ ಒಂದು ತಿನ್ನಿ" ಎಂದು ಅವಳು ತಟ್ಟೆ ಮುಂದಿಟ್ಟಳು.

"ನಂಗೆ ಗಂಜಿ ಸಾಕು. ಕೊಳೆತ ಹಣ್ಣು ತಿನ್ನೋ ಗತಿ ಇನ್ನೂ ಬಂದಿಲ್ಲ" ಎಂದ ಮೇಸ್ತ್ರಿ.

ಅಲ್ಲಿಂದ ಪ್ರತಿ ಭಾನುವಾರ ಪ್ಯಾನ್‌ಕೇಕಾಯಿತು. ತಾನು ತರುವ ಹಣ್ಣಿಗೆ ಮರ್ಯಾದೆ ಬಂತೆಂದು ಅಜ್ಜಿ ಎರಡು ಚಿಪ್ಪಿನ ಜಾಗದಲ್ಲಿ ಮೂರು ತಂದಳು. ಟೈಲರಮ್ಮ ಡಬ್ಬಿಯಲ್ಲಿ ಅಂಗಡಿಗೂ ಒಯ್ದಳು. ಹೇಳಿಕೊಟ್ಟ ನರ್ಸು ತಿಂದು ಭೇಷ್ ಎಂದಳು. ಅಂಗಡಿಯ ಯಜಮಾನಿ, ಅಂದರೆ ಹದಿನಾರು ವರ್ಷದಲ್ಲಿ ಇವಳ ಹೊಲಿಗೆಯನ್ನು ಒಂದು ಸಲವೂ ಮೆಚ್ಚದ ಹೆಂಗಸು, ಬೆರಳು ನೆಕ್ಕಿಕೊಂಡು, "ನಿನ್ನ ಕೈಯಲ್ಲಿ ಇಂಥದ್ದೂ ಇತ್ತಾ?" ಎಂದಳು. ಟೈಲರಮ್ಮ ಆ ಮಾತನ್ನು ಮನೆಗೆ ಬಂದು ಊಟದ ಹೊತ್ತಿನಲ್ಲಿ ಹೇಳಿದಳು. ಮಾರನೆಯ ದಿನ ಇನ್ನೊಮ್ಮೆ ಹೇಳಿದಳು. ಅವಳಿಗೆ ಬೇಕಾಗಿದ್ದದ್ದು ಯಜಮಾನಿಯ ಹೊಗಳಿಕೆಯಲ್ಲ. ಮುನ್ನೂರು ಜನರ ನಾಲಿಗೆ ಬಲ್ಲ ಗಂಡ ಒಂದು ಸಲ ತಿಂದು, ಚೆನ್ನಾಗಿದೆ ಕಣೇ ಅನ್ನಬೇಕು. ಬೇರೆ ಯಾರು ಅಂದರೂ ಅದರ ಮುಂದೆ ಸಪ್ಪೆ.

ಮೇಸ್ತ್ರಿಯ ಹೊಟ್ಟೆಯಲ್ಲಿ ಬೇರೆಯೇ ಉರಿಯುತ್ತಿತ್ತು. ಹೊಟ್ಟೆಕಿಚ್ಚಿಗೆ ಸೌದೆಯೂ ಬೇಡ, ಗ್ಯಾಸೂ ಬೇಡ. ಇಷ್ಟು ವರ್ಷ ಒಲೆಯ ಮುಂದೆ ಬೆಂದವನು ತಾನು. ಮಗಳ ಬಾಯಲ್ಲಿ ಅಮ್ಮನ ಕೈರುಚಿ! ಪ್ಯಾಂಟಿಗೆ ಜಿಪ್ ಹಾಕುವವಳದ್ದು ಕೈರುಚಿ!

ನಾಲ್ಕನೆಯ ಭಾನುವಾರ ಅವನು ಎಲ್ಲರಿಗಿಂತ ಮೊದಲೇ ಎದ್ದು ಅಡುಗೆಮನೆ ಹೊಕ್ಕ.

"ಇವತ್ತು ನೀವ್ಯಾರೂ ಒಳಗೆ ಬರಬೇಡಿ. ಪ್ಯಾನ್‌ಕೇಕು ಅಂದ್ರೆ ಏನು ಅಂತ ನಾನು ತೋರಿಸ್ತೀನಿ."

ಗುಂಡಿ ಕುರ್ಚಿ ಎಳೆದುಕೊಂಡು ಬಾಗಿಲಲ್ಲೇ ಕೂತಳು. ಅಪ್ಪ ಅಡುಗೆ ಮಾಡುವುದನ್ನು ಅವಳು ನೋಡುತ್ತಿರುವುದು ಅದೇ ಮೊದಲು. ಆದರೆ ಮೇಸ್ತ್ರಿಯ ಕೈಗೆ ಮುನ್ನೂರರ ಅಳತೆ ಬಿಟ್ಟರೆ ಬೇರೆ ಅಳತೆ ಗೊತ್ತಿಲ್ಲ. ಮನೆಯಲ್ಲಿದ್ದ ಮೊಟ್ಟೆಯನ್ನೆಲ್ಲ ಪಟಪಟನೆ ಒಡೆದ. ಮೈದಾ ಡಬ್ಬಿಯನ್ನು ಬೋರಲು ಹಾಕಿದ. ನೀರಾಯಿತೆಂದು ಅಕ್ಕಿಹಿಟ್ಟು ಸುರಿದ, ಗಟ್ಟಿಯಾಯಿತೆಂದು ಹಾಲು ಸುರಿದ, ಉಪ್ಪನ್ನು ಅಭ್ಯಾಸಬಲದಿಂದ ಮುಷ್ಟಿಯಲ್ಲೇ ಎಸೆದ. ಪಾತ್ರೆ ಸಾಲದೆ ಬಚ್ಚಲಿನ ಬಕೆಟ್ಟು ತೊಳೆದು ಕೊಡು ಎಂದು ಕೂಗಿದ. ಕಾವಲಿಯಡಿ ಉರಿಯನ್ನು ಕೊನೆಯ ತನಕ ತಿರುಗಿಸಿದ. ಕಳಿತ ಹಣ್ಣಿನ ಸಿಹಿ ಆ ಉರಿಗೆ ತಡೆದೀತೇ? ಮೇಲೆ ಹಸಿ, ಕೆಳಗೆ ಇದ್ದಿಲು. ಮನೆಯ ತುಂಬ ಹೊಗೆ.

"ಈ ಒಲೆ ಸರಿ ಇಲ್ಲ. ಕಾವಲಿ ತೀರಾ ತೆಳು" ಎಂದ ಮೇಸ್ತ್ರಿ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದು ಅಜ್ಜಿ ಮಂಚದ ಮೇಲಿಂದಲೇ ನುಡಿದಳು.

ಗುಂಡಿ ಒಂದು ತುಂಡು ಬಾಯಿಗಿಟ್ಟು, ಹಾಗೇ ಹಿತ್ತಲಿಗೆ ಓಡಿದಳು. ಬಂದವಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಪ್ಪಾ, ಫ್ಯಾಕ್ಟರಿಯವ್ರು ದಿನಾ ಇದನ್ನೇ ತಿಂತಾರಾ? ಪಾಪ!"

ಟೈಲರಮ್ಮನೂ ನಕ್ಕಳು. ನಗಬಾರದಿತ್ತು, ಆದರೆ ನಕ್ಕಳು. ಅಷ್ಟೇ ಅಲ್ಲ, "ಬಿಡಿ, ಸೂಜಿ ಕೆಲಸಕ್ಕೆ ಹಾರೆ ಬರಲ್ಲ" ಎಂದೂ ಸೇರಿಸಿದಳು. ಬಕೆಟ್ಟಿನ ಹಿಟ್ಟು ಮೋರಿಗೆ ಹೋಯಿತು. ಮೇಸ್ತ್ರಿ ಆ ದಿನವೆಲ್ಲ ಗಂಜಿಯನ್ನೂ ಮುಟ್ಟಲಿಲ್ಲ.

ಆಮೇಲೆ ಎರಡು ತಿಂಗಳು ಮನೆಯಲ್ಲಿ ಯಾರೂ ಆ ಸುದ್ದಿ ಎತ್ತಲಿಲ್ಲ. ಟೈಲರಮ್ಮ ಮಾಡುತ್ತಿದ್ದಳು, ಗುಂಡಿ ಅಜ್ಜಿ ತಿನ್ನುತ್ತಿದ್ದರು, ಮೇಸ್ತ್ರಿ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ. ಅವನು ತನ್ನ ಕೈ ನೋಡುತ್ತಿದ್ದಾನೆ, ಉರಿ ನೋಡುತ್ತಿದ್ದಾನೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ಗಂಡ ಮೆತ್ತಗಾಗುತ್ತಿದ್ದಾನೆ ಎಂದುಕೊಂಡು ಒಳಗೊಳಗೇ ಹಿಗ್ಗಿದಳು.

ಒಂದು ಮಧ್ಯಾಹ್ನ ಅದೇ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುವವನೊಬ್ಬ ಪ್ಯಾಂಟು ಸಡಿಲ ಮಾಡಿಸಲು ಅಂಗಡಿಗೆ ಬಂದ.

"ಸೊಂಟ ಎರಡಿಂಚು ಬಿಡಿ ಟೈಲರಮ್ಮ. ಎಲ್ಲಾ ನಿಮ್ಮ ಯಜಮಾನ್ರ ತಪ್ಪು."

"ಅವರೇನು ಮಾಡಿದ್ರು?"

"ಬುಧವಾರ ಬುಧವಾರ ಬಾಳೆಹಣ್ಣಿನ ಪ್ಯಾನ್‌ಕೇಕು ಕೊಡ್ತಿದ್ದಾರಲ್ಲ! ಊಟಕ್ಕೆ ಕೊಡೋ ಬಾಳೆಹಣ್ಣು ಮಿಕ್ಕಿ ಕಪ್ಪಾಗಿ ತಿಪ್ಪೆಗೆ ಹೋಗ್ತಿತ್ತು. ಈಗ ನೋಡಿ, ಎರಡೆರಡು ಸಲ ಲೈನ್ ನಿಲ್ತೀವಿ. ಮ್ಯಾನೇಜರ್ ಬಂದು ಬೆನ್ನು ತಟ್ಟಿ ಹೋದ್ರು. ಮೇಸ್ತ್ರಿ ತಾಯಿ ಹೇಳಿಕೊಟ್ಟಿದ್ದಂತೆ. ಅಜ್ಜಿ ಕೈಗುಣ ದೊಡ್ಡದು ಬಿಡಿ."

ಟೈಲರಮ್ಮ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಆ ಪ್ಯಾಂಟಿನ ಸೊಂಟವನ್ನು ಎರಡಿಂಚು ಬಿಡುವ ಬದಲು ಎರಡಿಂಚು ಹಿಡಿದಳು. ಮರುದಿನ ಅದಕ್ಕಾಗಿ ಯಜಮಾನಿಯಿಂದ ಬೈಸಿಕೊಂಡಳು.

ಲೇತ್‌ನವನು ಬಂದ ದಿನವೇ ಸಂಜೆ, ಮೇಸ್ತ್ರಿಗೆ ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಅವಳು ಪುರುಸೊತ್ತು ಕೊಡಲಿಲ್ಲ.

"ನಿಮ್ಮ ತಾಯಿ ಹೇಳಿಕೊಟ್ಟಿದ್ದಾ?"

"ಏನು?"

"ಏನು ಅಂತೆ! ಕೊಳೆತ ಹಣ್ಣು ತಿನ್ನೋ ಗತಿ ಬಂದಿಲ್ಲ ಅಂದ್ರಿ. ಮುನ್ನೂರು ಜನಕ್ಕೆ ಬಡಿಸೋ ಗತಿ ಬಂತಾ?"

ಮೇಸ್ತ್ರಿ ಚೀಲ ಕೆಳಗಿಟ್ಟ. "ಹಿಟ್ಟು ಮೊಟ್ಟೆ ಕಲಸೋಕೆ ನಿನ್ನ ಅಪ್ಪಣೆ ಬೇಕಾ? ಪ್ರಪಂಚದಲ್ಲಿ ನೀನೊಬ್ಬಳೇನಾ ಪ್ಯಾನ್‌ಕೇಕು ಮಾಡೋಳು?"

"ನೀವು ಮಾಡಿದ್ದಕ್ಕೆ ನಾನು ಬೇಡ ಅಂದಿಲ್ಲ. ನನ್ನ ಹೆಸರು ಹೇಳೋಕೆ ಏನಾಗಿತ್ತು? ನಿಮ್ಮನ್ನ ಹೊಗಳೋಕೆ ಮುನ್ನೂರು ಜನ ಇದ್ದಾರೆ. ನನ್ನನ್ನ ಹೊಗಳಿದ್ದು ಈ ಹುಡುಗಿ, ಆ ಯಜಮಾನಿ, ಇನ್ನೊಬ್ಬಳು ನರ್ಸು. ಮೂರು ಜನ! ಆ ಮೂರು ಜನಾನೂ ನಿಮ್ಮ ಕಣ್ಣಿಗೆ ಚುಚ್ಚಿದ್ರಲ್ಲ!"

"ನೀನು ನಕ್ಕಿದ್ದು? ಮಗಳ ಮುಂದೆ ಹಾರೆ ಅಂದಿದ್ದು?"

"ಉಪ್ಪು ಮುಷ್ಟೀಲಿ ಹಾಕಿದ್ರೆ ಇನ್ನೇನು ಅಳಬೇಕಿತ್ತಾ?"

"ಇಬ್ಬರೂ ಬಾಯಿ ಮುಚ್ಚಿ" ಎಂದು ಅಜ್ಜಿ ಒಳಗಿನಿಂದ ಕೂಗಿದಳು. "ನನ್ನ ಹೆಸರು ಹೇಳಿದ್ರೆ ಯಾರ ಗಂಟು ಹೋಯ್ತು? ಹಣ್ಣು ತಂದಿದ್ದು ನಾನು ತಾನೇ?"

ಆ ಭಾನುವಾರ ಕಾವಲಿ ಗೋಡೆಯಿಂದ ಇಳಿಯಲಿಲ್ಲ. ಮುಂದಿನ ಭಾನುವಾರವೂ ಇಳಿಯಲಿಲ್ಲ. ಎಲ್ಲರಿಗೂ ಬ್ರೆಡ್ಡು, ಟೀ. ಹಣ್ಣು ಮಾತ್ರ ಬರುವುದು ನಿಲ್ಲಲಿಲ್ಲ. ಕರಗಿ ರಸ ಸೋರಿ ಇರುವೆಗಳಿಗೆ ಔತಣವಾಯಿತು. ಗುಂಡಿ ಅಮ್ಮನ ಹಿಂದೆ ಅಲೆದಳು, "ನಂಗೋಸ್ಕರ ಎರಡೇ ಎರಡು ಮಾಡಮ್ಮ" ಎಂದಳು. "ನಿಮ್ಮಜ್ಜಿ ಕೈಗುಣ ದೊಡ್ಡದಂತಲ್ಲ, ಅಲ್ಲೇ ಕೇಳು" ಎಂದಳು ಅಮ್ಮ. ಹುಡುಗಿಯ ಮೇಲೆ ಹಾಗೆ ಹಾಯ್ದದ್ದಕ್ಕೆ ಆಮೇಲೆ ಅವಳಿಗೇ ಕೆಟ್ಟದೆನಿಸಿತು. ಆದರೂ ಮಾಡಲಿಲ್ಲ.

ವರ್ಷಕ್ಕೊಂದು ದಿನ ಕಾರ್ಖಾನೆಯವರು ಕೆಲಸಗಾರರ ಮನೆಯವರನ್ನು ಒಳಗೆ ಬಿಟ್ಟು ಯಂತ್ರ ತೋರಿಸಿ ಊಟ ಹಾಕುತ್ತಾರೆ. ಪ್ರತಿ ವರ್ಷ ಅಂಗಡಿಯಲ್ಲಿ ರಜೆ ಸಿಗದೆ ಟೈಲರಮ್ಮ ಹೋಗಿರಲಿಲ್ಲ, ಅವಳಿಲ್ಲದೆ ಅಜ್ಜಿ ಮೊಮ್ಮಗಳೂ ಹೋಗಿರಲಿಲ್ಲ. ಈ ವರ್ಷ ರಜೆ ಕೇಳಿ, ಸಿಗದಿದ್ದಾಗ ಜಗಳವಾಡಿ ತೆಗೆದುಕೊಂಡಳು. ಇಸ್ತ್ರಿ ಮಾಡಿದ ಸೀರೆ ಉಟ್ಟಳು. ಅಜ್ಜಿ ಬೆಳಿಗ್ಗೆಯಿಂದಲೇ ಚಪ್ಪಲಿ ಹಾಕಿಕೊಂಡು ಕೂತಿದ್ದಳು.

ಕ್ಯಾಂಟೀನಿನಲ್ಲಿ ಉದ್ದುದ್ದ ಬೆಂಚು, ಸ್ಟೀಲು ತಟ್ಟೆಗಳ ಗದ್ದಲ. ಗಾಜಿನ ಆಚೆ ಬಾಗಿಲಗಲದ ಕಬ್ಬಿಣದ ಕಾವಲಿ, ಅದರ ಮುಂದೆ ಬಿಳಿ ಟೋಪಿ ಹಾಕಿದ ಮೇಸ್ತ್ರಿ. ಸಾಲಿಗೆ ಇಪ್ಪತ್ತು ಹುಯ್ದು, ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿಯದು ಬೆಂದು, ಸಟ್ಟುಗದಲ್ಲಿ ಟಪ ಟಪ ಟಪ ಎಂದು ಮಗುಚುತ್ತ ಹೋಗುತ್ತಿದ್ದ. ಗುಳ್ಳೆ ಒಡೆದು ತೂತು ನಿಂತ ಮೇಲೆಯೇ ಮಗುಚುತ್ತಿದ್ದ. ಉರಿ ಸಣ್ಣದಿತ್ತು. ಟೈಲರಮ್ಮ ಎಲ್ಲವನ್ನೂ ಗಮನಿಸಿದಳು. ಬಾಗಿಲಿಗೆ ಒರಗಿ ನಿಂತು ಕಲಿತದ್ದು ಇದು!

ಮೇಸ್ತ್ರಿ ತಾನೇ ಮೂರು ತಟ್ಟೆ ಹಿಡಿದು ಬಂದ. ಮೊದಲು ಮಗಳ ಮುಂದೆ ಇಟ್ಟು ಅಲ್ಲಿಯೇ ನಿಂತ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಗುಂಡಿ ತಿಂದಳು. ಕಣ್ಣರಳಿಸಿ ಇನ್ನೊಂದು ತುಂಡು ತಿಂದಳು. "ಅಪ್ಪಾ! ಸೂಪರ್! ಅಮ್ಮ ಮಾಡೋ ಥರಾನೇ ಇದೆ."

"ಅಮ್ಮ ಮಾಡೋ ಥರ" ಎಂದ ಮೇಸ್ತ್ರಿ.

"ಹೂಂ. ಅಮ್ಮಂದು ಇನ್ನೂ ಸ್ವಲ್ಪ ಮೆತ್ತಗಿರುತ್ತೆ. ಆದ್ರೂ ಚೆನ್ನಾಗಿದೆ."

ಮೇಸ್ತ್ರಿ ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡ.

ಟೈಲರಮ್ಮನೂ ಒಂದು ತುಂಡು ಮುರಿದು ಬಾಯಿಗಿಟ್ಟಳು. ಹದಿನಾರು ವರ್ಷದಲ್ಲಿ ಗಂಡನ ಕೈಯದು ತಿಂದದ್ದು ಅದೇ ಮೊದಲು. ಬಕೆಟ್ಟಿನ ಹಿಟ್ಟಿನದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಚೆನ್ನಾಗಿತ್ತು. ಅಂಚು ಗರಿಗರಿಯಾಗಿ, ನಡುವೆ ಹಣ್ಣಿನ ಪರಿಮಳ. ಮಗಳು ಏನೇ ಹೇಳಲಿ, ತನ್ನದಕ್ಕಿಂತ ಒಂದು ಕೂದಲೆಳೆ ಮೇಲೆಯೇ ಇತ್ತು. ಅದೇ ಅವಳ ಸಂಕಟ. ಇಂಥ ಕೈಯನ್ನು ಇಷ್ಟು ವರ್ಷ ಊರಿನವರಿಗೆಲ್ಲ ಕೊಟ್ಟು ಮನೆಯಲ್ಲಿ ಬರೀ ಗಂಜಿ ಬಟ್ಟಲು ಹಿಡಿದು ಕೂತನಲ್ಲ ಎಂದು ಅವಳಿಗೆ ಆ ಬೆಂಚಿನ ಮೇಲೆ ಕೂತ ಒಬ್ಬೊಬ್ಬರ ಮೇಲೂ ಹೊಟ್ಟೆ ಉರಿಯಿತು.

"ಹೇಗಿದೆ?" ಎಂದ ಮೇಸ್ತ್ರಿ, ಬೇರೆ ಕಡೆ ನೋಡುತ್ತ.

"ಉಪ್ಪು ಕಮ್ಮಿ" ಎಂದಳು. ಮೇಸ್ತ್ರಿ ಸರ್ರನೆ ಕಾವಲಿಯ ಹತ್ತಿರ ವಾಪಸು ಹೋದ.

ಅಷ್ಟರಲ್ಲಿ ಮ್ಯಾನೇಜರು ಕೈಯಲ್ಲಿ ಮೈಕು ಹಿಡಿದು ಬಂದರು. ಕ್ಯಾಂಟೀನಿನ ಹಣ್ಣು ಒಂದೂ ಹಾಳಾಗದಂತೆ ಮಾಡಿದ ಮೇಸ್ತ್ರಿಯವರ ತಾಯಿ ಇಲ್ಲಿಗೆ ಬಂದಿದ್ದಾರಂತೆ, ಅವರು ಮುಂದೆ ಬರಬೇಕು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಜೀವಮಾನದಲ್ಲಿ ಒಂದೂ ಪ್ಯಾನ್‌ಕೇಕು ಮಗುಚದ ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದಳು. ಮೂರು ಅಂತಸ್ತಿನ ಸ್ಟೀಲು ಟಿಫಿನ್ ಡಬ್ಬಿ ಬಹುಮಾನ ಕೊಟ್ಟರು. ತೆಗೆದುಕೊಂಡು ಸುಮ್ಮನೆ ಬರುತ್ತಾಳೆಯೇ? ಮೈಕು ಇಸಿದುಕೊಂಡಳು.

"ಹಣ್ಣು ಕಪ್ಪಗಿರಬೇಕು. ಹಳದಿ ಇದ್ರೆ ಸುಖ ಇಲ್ಲ. ಎಲ್ಲಾ ಹಣ್ಣಿನಲ್ಲೇ ಇರೋದು. ಕಲಸೋದು ಬೇಯಿಸೋದು ಏನು ಮಹಾ, ಯಾರು ಬೇಕಾದ್ರೂ ಮಾಡ್ತಾರೆ!"

ಮತ್ತೆ ಚಪ್ಪಾಳೆ. ಗಾಜಿನ ಆಚೆ ಮೇಸ್ತ್ರಿಯ ಸಟ್ಟುಗ ಅಲ್ಲೇ ನಿಂತಿತು. ಬೆಂಚಿನ ಮೇಲೆ ಟೈಲರಮ್ಮ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. ಗಂಡ ಹೆಂಡತಿ ಎಷ್ಟೋ ದಿನದ ಮೇಲೆ ಒಬ್ಬರ ಮುಖ ಒಬ್ಬರು ನೋಡಿದ್ದು ಆಗಲೇ.

ವಾಪಸು ಬರುವಾಗ ಬಸ್ಸಿನಲ್ಲಿ ಅಜ್ಜಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಂಡಕ್ಟರಿಗೆ ಕಥೆ ಹೇಳುತ್ತಿದ್ದಳು. ಗುಂಡಿ ಅವಳ ಪಕ್ಕ ಕೂತು ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು. ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮ.

"ಅವ್ವಂಗೆ ಒಲೆ ಹಚ್ಚೋಕೂ ಸರಿಯಾಗಿ ಬರಲ್ಲ" ಎಂದು ಮೇಸ್ತ್ರಿ ಹಲ್ಲು ಕಡಿದ. "ಯಾರು ಬೇಕಾದ್ರೂ ಮಾಡ್ತಾರಂತೆ!"

"ಉರೀತಾ?"

ಮೇಸ್ತ್ರಿ ಕಿಟಕಿಯ ಕಡೆ ತಿರುಗಿದ.

"ನಂಗೂ ಹಿಂಗೇ ಉರೀತು ಅವತ್ತು. ಯಾಕ್ರೀ ನನ್ನ ಹೆಸರು ಹೇಳ್ಲಿಲ್ಲ?"

ಮೇಸ್ತ್ರಿ ಬಸ್ ಟಿಕೆಟ್ಟನ್ನು ಬೆರಳಲ್ಲಿ ಸುರುಳಿ ಸುತ್ತಿದ. "ನಿನ್ನ ಹೆಸರು ಹೇಳಿದ್ರೆ ನಿನ್ನಿಂದ ಕಲಿತೆ ಅಂತಾಗ್ತಿತ್ತು" ಎಂದ. "ಅವ್ವನ ಹೆಸರು ಹೇಳಿದ್ರೆ ಯಾರೂ ಏನೂ ಅನ್ಕೊಳ್ಳಲ್ಲ. ಎಲ್ಲರೂ ಅವ್ವನ ಹೆಸರೇ ಹೇಳೋದು."

"ಕಲಿತಿದ್ದು ಹೌದೋ ಅಲ್ವೋ?"

"ಹೌದು."

"ನನ್ನೊಬ್ಬಳಿಗೆ ಹೇಳಿದ್ರೆ ಏನು ಬಂತು? ಮುನ್ನೂರು ಜನಕ್ಕೆ ಸುಳ್ಳು ಹೇಳೋಕೆ ಬಾಯಿ ಬಂತಲ್ಲ. ನಿಜ ಹೇಳೋಕೂ ಅದೇ ಬಾಯಿ ಸಾಕು."

ಇಳಿಯುವ ಸ್ಟಾಪು ಬಂತು.

ಆ ಮೇಲಿನ ವಾರ ಮನೆಗೆ ಬಾಳೆಹಣ್ಣು ಬರಲಿಲ್ಲ. ಅಜ್ಜಿ ಸೀಬೆಹಣ್ಣು ತಂದಳು. ಅದರ ಮುಂದಿನ ವಾರವೂ ಸೀಬೆಹಣ್ಣೇ. ಅಜ್ಜಿ ಮಗನೊಡನೆ ಮಾತು ಬಿಟ್ಟಿದ್ದಳು, ಸೊಸೆಯ ಮುಖ ಕಂಡರೆ ಗೋಡೆಯ ಕಡೆ ತಿರುಗುತ್ತಿದ್ದಳು. ಯಾಕೆಂದು ಕೇಳಿದರೆ, "ನಂಗೇನಾಗಿದೆ, ಬಂಡೆಗಲ್ಲಿನ ಹಾಗಿದ್ದೀನಿ" ಎನ್ನುತ್ತಿದ್ದಳು.

ಕೊನೆಗೆ ಟೈಲರಮ್ಮ ತಾನೇ ಗಾಡಿಯವನ ಹತ್ತಿರ ಹೋಗಿ, ಪೂರ್ತಿ ರೇಟು ಕೊಟ್ಟು, ಕಲೆಯಿಲ್ಲದ ಹಳದಿ ಬಾಳೆಹಣ್ಣಿನ ಒಂದು ಚಿಪ್ಪು ತಂದು ಅಡುಗೆಮನೆಯ ಮೊಳೆಗೆ ನೇತುಹಾಕಿದಳು. ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಗುಂಡಿ ಒಂದಕ್ಕೆ ಕೈ ಹಾಕಿದಳು.

"ಮುಟ್ಟಬೇಡ. ಕಪ್ಪಾಗಲಿ."

ಅಜ್ಜಿಗೆ ತಡೆಯಲಾಗಲಿಲ್ಲ. "ದುಡ್ಡು ಸುರಿದು ಒಳ್ಳೆ ಹಣ್ಣು ತಂದು ಕೊಳೆಸ್ತಾರಾ ಯಾರಾದ್ರೂ? ಏನೋ ಮೇಸ್ತ್ರಿ, ನಿನ್ನ ಹೆಂಡ್ತಿ ತಲೆ ನೆಟ್ಟಗಿದೆಯೇನೋ? ನನ್ನ ಮಾನ ತೆಗೆದಿದ್ದು ಸಾಲದಾ ನಿಂಗೆ? ಆ ಲೇತ್‌ನವನು ಬೀದಿಯಲ್ಲಿ ನಿಲ್ಲಿಸಿ ಕೇಳ್ತಾನೆ, ಡಬ್ಬಿ ವಾಪಸ್ ಕೊಟ್ರಾ ಅಜ್ಜಿ ಅಂತ!"

ಟೈಲರಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟಳು. "ಯಾಕೆ ಹಾಗೆ ಕೇಳಿದ, ಅತ್ತೆ?"

"ನಿನ್ನ ಗಂಡನ್ನೇ ಕೇಳು."

ಮೇಸ್ತ್ರಿ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ತಲೆ ಎತ್ತಲಿಲ್ಲ.

"ಆವತ್ತಾದ ಮೇಲಿನ ಬುಧವಾರ ಊಟದ ಹೊತ್ತಲ್ಲಿ ಬೆಂಚು ಹತ್ತಿ, ಹೆಂಡ್ತಿಯಿಂದ ಕಲಿತೆ ಅಂತ ಹೇಳಿದೆ. ಈಗ ಅವರೆಲ್ಲ ಟೈಲರಮ್ಮನ ಪ್ಯಾನ್‌ಕೇಕು ಅಂತಲೇ ಕೇಳ್ತಾರೆ. ಟೈಲರಮ್ಮಂದು ಎರಡು ಹಾಕಿ, ಟೈಲರಮ್ಮಂದು ನಾಲ್ಕು ಹಾಕಿ ಅಂತ. ಮಾಡೋನು ನಾನು, ನಿಂತು ನಿಂತು ಕಾಲು ಬಿದ್ದುಹೋಗೋದು ನಂದು, ಹೆಸರು ಮಾತ್ರ…"

ಅವನ ಮುಖ ಹರಳೆಣ್ಣೆ ಕುಡಿದವನ ಮುಖದಂತಿತ್ತು. ಟೈಲರಮ್ಮ ಊಟ ಬಿಟ್ಟು ಆ ಮುಖವನ್ನೇ ಕಣ್ತುಂಬ ನೋಡುತ್ತ ಕೂತಳು.